ಪ್ರಸಾರ ಮಾಡುವವರ ಹೊಣೆ ಎಲ್ಲಿಯವರೆಗೆ? ಮೈಸೂರು–ಮಂಡ್ಯದ ಕೇಬಲ್, ಬಾನುಲಿ, ಟಿವಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿಗೂ ಬಾನುಲಿಗೂ ಹಳೆಯ ನಂಟು. 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ‘ವಿಠಲ ವಿಹಾರ’ದಲ್ಲೇ ಪ್ರಸಾರ ಕೇಂದ್ರ ತೆರೆದಿದ್ದರು. ಇಂದು ಹಾಗೆ ಮನೆಯಿಂದ ಪ್ರಸಾರ ಮಾಡಲು ಹೊರಟರೆ ಮೊದಲು ಬಾಗಿಲು ತಟ್ಟುವವರು ಪೊಲೀಸರು. ನಡುವಿನ ಒಂಬತ್ತು ದಶಕಗಳಲ್ಲಿ ಕಾನೂನುಗಳು ಒಂದರ ಮೇಲೊಂದು ಪೇರಿಕೊಂಡಿವೆ. ಬಾನುಲಿಗೆ ಒಂದು, ಕೇಬಲ್‌ಗೆ ಇನ್ನೊಂದು, ಯೂಟ್ಯೂಬ್‌ಗೆ ಮತ್ತೊಂದು. ಎಲ್ಲವನ್ನೂ ಒಂದೇ ಕಡೆ ಹೇಳುವ ಕಾಯ್ದೆ ಇಲ್ಲ. 2023ರಲ್ಲಿ ಪ್ರಸಾರ ಸೇವೆಗಳ ಮಸೂದೆಯ ಕರಡು ಬಂತು, ಮುಂದಿನ ವರ್ಷ ಅದರ ಪರಿಷ್ಕೃತ ರೂಪ ವಿವಾದಕ್ಕೆ ಸಿಲುಕಿ ಹಿಂದಕ್ಕೆ ಹೋಯಿತು.

ಕೆಳಗಿನ ಪ್ರಶ್ನೆಗಳು ಕೇಬಲ್ ವಾಹಿನಿ ನಡೆಸುವವರು, ಸಮುದಾಯ ಬಾನುಲಿಯ ಕಾರ್ಯಕರ್ತರು, ತಾಲ್ಲೂಕು ವರದಿಗಾರರು ಮತ್ತು ತಮ್ಮ ಮುಖ ಟಿವಿಯಲ್ಲಿ ಬಂದು ಕಂಗೆಟ್ಟ ಸಾಮಾನ್ಯರು ಕೇಳುವಂಥವು. ಉತ್ತರಗಳು ತಿಳಿವಳಿಕೆಗಾಗಿ. ನೋಟಿಸ್ ಈಗಾಗಲೇ ಕೈಗೆ ಬಂದಿದ್ದರೆ ಕೊನೆಯ ಉತ್ತರ ಓದಿ, ನೇರವಾಗಿ ವಕೀಲರ ಬಳಿ ಹೋಗಿ.

ಜಾತ್ರೆಯ ಮೂರು ದಿನ ಮಾತ್ರ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಊರಿಗೆ ಎಫ್‌ಎಂ ಕೇಳಿಸಬಹುದೇ?

ಕೂಡದು. ಮೂರು ದಿನವಿರಲಿ, ಮೂರು ಗಂಟೆಯೂ ಇಲ್ಲ. ತರಂಗಾಂತರ ಸಾರ್ವಜನಿಕ ಸ್ವತ್ತು, ಅದನ್ನು ಬಳಸಲು ಕೇಂದ್ರ ಸರ್ಕಾರದ ಅನುಮತಿ ಬೇಕು ಎಂದು 1995ರಲ್ಲಿ ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಸ್ವತ್ತು ಸರ್ಕಾರದ ಏಕಸ್ವಾಮ್ಯವೂ ಅಲ್ಲ ಎಂದು ಅದೇ ತೀರ್ಪು ಸೇರಿಸಿತು. ಖಾಸಗಿ ಎಫ್‌ಎಂ ಮತ್ತು ಸಮುದಾಯ ಬಾನುಲಿಗೆ ದಾರಿ ತೆರೆದದ್ದು ಆ ಎರಡನೆಯ ಮಾತು.

1933ರ ವೈರ್‌ಲೆಸ್ ಕಾಯ್ದೆಯಲ್ಲಿ ಪರವಾನಗಿ ಇಲ್ಲದೆ, ಟ್ರಾನ್ಸ್‌ಮಿಟರ್ ಅಲ್ಲದ ಉಪಕರಣ ಇಟ್ಟುಕೊಂಡವರಿಗೆ ಮೊದಲ ಸಲ ಗರಿಷ್ಠ ನೂರು ರೂಪಾಯಿ ದಂಡವಿತ್ತು. ಆ ನೂರು ರೂಪಾಯಿಯ ಕಥೆಯನ್ನು ಈಗಲೂ ನಂಬಿಕೊಂಡವರಿದ್ದಾರೆ. 2023ರ ದೂರಸಂಪರ್ಕ ಕಾಯ್ದೆಯ 42ನೇ ಕಲಂ ಪ್ರಕಾರ ಅನುಮತಿಯಿಲ್ಲದೆ ಸೇವೆ ಅಥವಾ ಜಾಲ ನಡೆಸಿದರೆ ಮೂರು ವರ್ಷದವರೆಗೆ ಜೈಲು, ಎರಡು ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. ಜಾತ್ರೆಗೆ ಧ್ವನಿವರ್ಧಕವೇ ಸಾಕು. ಅದಕ್ಕೂ ಪೊಲೀಸರ ಅನುಮತಿ ಬೇಕು, ರಾತ್ರಿ ಹತ್ತಕ್ಕೆ ನಿಲ್ಲಿಸಬೇಕು.

ಸಮುದಾಯ ಬಾನುಲಿಯನ್ನು ಯಾರು ನಡೆಸಬಹುದು?

ಶಿಕ್ಷಣ ಸಂಸ್ಥೆ, ಕೃಷಿ ವಿಶ್ವವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರ, ಕನಿಷ್ಠ ಮೂರು ವರ್ಷ ಹಳೆಯದಾದ ನೋಂದಾಯಿತ ಲಾಭರಹಿತ ಸಂಸ್ಥೆ. ವ್ಯಕ್ತಿಗೆ, ರಾಜಕೀಯ ಪಕ್ಷಕ್ಕೆ, ಲಾಭಕ್ಕಾಗಿ ನಡೆಯುವ ಕಂಪನಿಗೆ ಇಲ್ಲ. ಮೈಸೂರು ಜಿಲ್ಲೆಯ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ‘ಜನಧ್ವನಿ’ ಈ ಮಾದರಿಯದು. ಪ್ರಸಾರದ ಶಕ್ತಿ ಸಾಮಾನ್ಯವಾಗಿ ನೂರು ವ್ಯಾಟ್ ಮೀರುವಂತಿಲ್ಲ, ಕಾರ್ಯಕ್ರಮದಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯರೇ ತಯಾರಿಸಿದ್ದಿರಬೇಕು.

ಹಲವರಿಗೆ ಗೊತ್ತಿರದ ಸಂಗತಿ ಇನ್ನೊಂದಿದೆ. ಸಮುದಾಯ ಬಾನುಲಿಯೂ ಖಾಸಗಿ ಎಫ್‌ಎಂ ಕೂಡ ಆಕಾಶವಾಣಿಯ ಕಾರ್ಯಕ್ರಮ ಮತ್ತು ಜಾಹೀರಾತು ಸಂಹಿತೆಗೆ ಬದ್ಧ. ಅನುಮತಿ ಪಡೆಯುವಾಗ ಸಹಿ ಹಾಕಿದ ಕರಾರಿನಲ್ಲಿ ಆ ಮಾತು ಇರುತ್ತದೆ. ಸಂಹಿತೆ ಓದದೆ ಸಹಿ ಹಾಕಿದೆವು ಎಂಬುದು ಸಬೂಬಾಗುವುದಿಲ್ಲ.

ಖಾಸಗಿ ಎಫ್‌ಎಂನಲ್ಲಿ ಸುದ್ದಿ ಹೇಳುವಂತಿಲ್ಲ ಎನ್ನುತ್ತಾರೆ. ಹಾಗಾದರೆ ಕೆಆರ್‌ಎಸ್ ನೀರಿನ ಮಟ್ಟ ಹೇಳಿದರೆ ತಪ್ಪೇ?

ತಪ್ಪಲ್ಲ. ಖಾಸಗಿ ಎಫ್‌ಎಂ ಸ್ವಂತ ಸುದ್ದಿ ಓದುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನು ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡಬಹುದು. ಆದರೆ ಸಂಚಾರ, ಹವಾಮಾನ, ಸಾಂಸ್ಕೃತಿಕ ಕಾರ್ಯಕ್ರಮ, ಪರೀಕ್ಷೆ–ಫಲಿತಾಂಶ, ಉದ್ಯೋಗಾವಕಾಶ, ಸ್ಥಳೀಯ ಆಡಳಿತ ಕೊಡುವ ವಿದ್ಯುತ್, ನೀರು, ಪ್ರಕೃತಿ ವಿಕೋಪದ ಪ್ರಕಟಣೆಗಳನ್ನು ಸುದ್ದಿ ಎಂದು ಎಣಿಸುವುದಿಲ್ಲ. ‘ಜಲಾಶಯದ ಇಂದಿನ ಮಟ್ಟ ಇಷ್ಟು ಅಡಿ, ನದಿ ಪಾತ್ರದವರು ಎಚ್ಚರ ವಹಿಸಬೇಕೆಂದು ಜಿಲ್ಲಾಡಳಿತ ತಿಳಿಸಿದೆ’ ಎಂದರೆ ಪ್ರಕಟಣೆ. ‘ನೀರು ಬಿಟ್ಟಿದ್ದು ಯಾರ ಒತ್ತಡಕ್ಕೆ?’ ಎಂದು ಕೇಳಿದ ಕ್ಷಣ ಅದು ಸುದ್ದಿ ವಿಶ್ಲೇಷಣೆ. ಗೆರೆ ಇರುವುದು ಅಲ್ಲಿ.

ಈ ನಿಷೇಧಕ್ಕೆ ಈಗ ಅರ್ಥ ಉಳಿದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಕೈಯಲ್ಲಿನ ಮೊಬೈಲ್ ಇಡೀ ದಿನ ಸುದ್ದಿ ಸುರಿಸುತ್ತಿರುವಾಗ ಎಫ್‌ಎಂಗೆ ಮಾತ್ರ ಬಾಯಿಗೆ ಬೀಗ. ಗಂಟೆಗೆ ಹತ್ತು ನಿಮಿಷ ಸುದ್ದಿಗೆ ಅವಕಾಶ ಕೊಡಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2023ರಲ್ಲಿ ಶಿಫಾರಸು ಮಾಡಿದೆ. ಶಿಫಾರಸು ಕಾನೂನಲ್ಲ.

ಟಿವಿಗೆ ಅನ್ವಯಿಸುವ ನಿಯಮ ಎಲ್ಲಿದೆ?

1995ರ ಕೇಬಲ್ ಟೆಲಿವಿಷನ್ ಜಾಲಗಳ ಕಾಯ್ದೆ ಮತ್ತು 1994ರ ನಿಯಮಗಳಲ್ಲಿ. ಕಾಯ್ದೆಗಿಂತ ನಿಯಮ ಒಂದು ವರ್ಷ ಹಿರಿಯದು ಹೇಗೆ ಎಂದು ಹುಬ್ಬೇರಿಸಬೇಡಿ. ಮೊದಲು ಸುಗ್ರೀವಾಜ್ಞೆ ಬಂದಿತ್ತು, ನಿಯಮ ಅದರಡಿ ಹುಟ್ಟಿತು.

6ನೇ ನಿಯಮ ಕಾರ್ಯಕ್ರಮ ಸಂಹಿತೆ, 7ನೇ ನಿಯಮ ಜಾಹೀರಾತು ಸಂಹಿತೆ. ಸಭ್ಯತೆಗೆ ಧಕ್ಕೆ ತರುವುದು, ಧರ್ಮ ಅಥವಾ ಸಮುದಾಯದ ಮೇಲೆ ದಾಳಿ, ಅಶ್ಲೀಲತೆ, ಮಾನಹಾನಿ, ಬೇಕೆಂದೇ ಹೇಳುವ ಸುಳ್ಳು ಮತ್ತು ಅರ್ಧಸತ್ಯ, ನ್ಯಾಯಾಂಗ ನಿಂದನೆ, ಮೂಢನಂಬಿಕೆಗೆ ಉತ್ತೇಜನ ಇವೆಲ್ಲ 6ನೇ ನಿಯಮದ ಪಟ್ಟಿಯಲ್ಲಿವೆ. ಪಟ್ಟಿಯನ್ನು ಒಮ್ಮೆ ನಿಧಾನವಾಗಿ ಓದಿದರೆ ಸಂಜೆಯ ಚರ್ಚಾ ಕಾರ್ಯಕ್ರಮಗಳಲ್ಲಿ ಎಷ್ಟು ಉಳಿಯುತ್ತವೆ ಎಂಬ ಅನುಮಾನ ಬರುತ್ತದೆ. ಜಾಹೀರಾತು ಗಂಟೆಗೆ 12 ನಿಮಿಷ ಮೀರಬಾರದು ಎಂಬುದೂ ನಿಯಮವೇ. ಅದನ್ನು ಪ್ರಶ್ನಿಸಿ ವಾಹಿನಿಗಳು ದೆಹಲಿ ಹೈಕೋರ್ಟ್ ಮೆಟ್ಟಿಲೇರಿವೆ.

ಮೊದಲು ಈ ಕಾಯ್ದೆ ಉಲ್ಲಂಘಿಸಿದರೆ ಜೈಲು ಶಿಕ್ಷೆಯಿತ್ತು. 2023ರ ಜನ ವಿಶ್ವಾಸ ಕಾಯ್ದೆ ಅದನ್ನು ತೆಗೆದು ಸಲಹೆ, ಎಚ್ಚರಿಕೆ, ಛೀಮಾರಿ ಮತ್ತು ಹಣದ ದಂಡಕ್ಕೆ ಇಳಿಸಿತು. ಇದನ್ನು ಕೇಳಿ ನಿರಾಳರಾಗುವವರು ಗಮನಿಸಬೇಕಾದ ಮಾತು: ಜೈಲು ಹೋಗಿದ್ದು ಈ ಒಂದು ಕಾಯ್ದೆಯಿಂದ. ಮಾನನಷ್ಟ, ಪೋಕ್ಸೊ, ಕೃತಿಸ್ವಾಮ್ಯ, ಚುನಾವಣಾ ಕಾಯ್ದೆಗಳಲ್ಲಿ ಅದು ಇದ್ದಲ್ಲೇ ಇದೆ.

ನಾವು ಕೇಬಲ್‌ನಲ್ಲಿ ಸ್ಥಳೀಯ ವಾಹಿನಿ ನಡೆಸುತ್ತೇವೆ. ಉಪಗ್ರಹ ವಾಹಿನಿಯ ಹಾಗೆ ನಮಗೂ ಪರವಾನಗಿ ಬೇಕೇ?

ಉಪಗ್ರಹ ವಾಹಿನಿಗೆ ಅಪ್‌ಲಿಂಕ್ ಅನುಮತಿ, ಅಂದರೆ ಉಪಗ್ರಹಕ್ಕೆ ಸಂಕೇತ ಕಳಿಸುವ ಅನುಮತಿ ಬೇಕು. 2022ರ ಮಾರ್ಗಸೂಚಿಯಂತೆ ಮೊದಲ ಸುದ್ದಿ ವಾಹಿನಿಗೆ ಕಂಪನಿಯ ನಿವ್ವಳ ಮೌಲ್ಯವೇ ಇಪ್ಪತ್ತು ಕೋಟಿ ಇರಬೇಕು. ನಿಮ್ಮದು ಆ ದಾರಿಯಲ್ಲ. ಕೇಬಲ್ ಜಾಲದೊಳಗೆ ಮಾತ್ರ ಕಾಣುವ ಸ್ಥಳೀಯ ವಾಹಿನಿ ಸರ್ಕಾರದ ಭಾಷೆಯಲ್ಲಿ ‘ಪ್ಲಾಟ್‌ಫಾರಂ ಸೇವೆ’. ಇದಕ್ಕೆ 2022ರ ನವೆಂಬರ್ 30ರಂದು ಪ್ರತ್ಯೇಕ ಮಾರ್ಗಸೂಚಿ ಬಂತು. ಊರಿನ ಕೇಬಲ್‌ನವರಿಗೆ ವಾಹಿನಿಗಳನ್ನು ಒದಗಿಸುವ ಬಹು ವ್ಯವಸ್ಥಾ ಆಪರೇಟರ್ (ಎಂಎಸ್‌ಒ) ಆನ್‌ಲೈನ್‌ನಲ್ಲಿ ವಾಹಿನಿಯೊಂದಕ್ಕೆ ಸಾವಿರ ರೂಪಾಯಿ ಕಟ್ಟಿ ನೋಂದಾಯಿಸಬೇಕು. ಸ್ಥಳೀಯ ಸುದ್ದಿ ಕೊಡಬೇಕಾದರೆ ಆಪರೇಟರ್ ಕಂಪನಿಯಾಗಿರಬೇಕು. ಒಟ್ಟು ವಾಹಿನಿ ಸಾಮರ್ಥ್ಯದ ಶೇ 5ಕ್ಕಿಂತ ಹೆಚ್ಚು ಇಂಥ ಸೇವೆ ಇರುವಂತಿಲ್ಲ. ಪರದೆಯ ಮೇಲೆ ಇದು ಪ್ಲಾಟ್‌ಫಾರಂ ಸೇವೆ ಎಂದು ಕಾಣಿಸಬೇಕು.

‘ಇಪ್ಪತ್ತು ವರ್ಷದಿಂದ ನಡೆಸುತ್ತಿದ್ದೇವೆ, ಯಾರೂ ಕೇಳಿಲ್ಲ’ ಎನ್ನುವವರು ಬಹಳ. ಯಾರೂ ಕೇಳದಿರುವುದು ಅನುಮತಿಯಲ್ಲ. ಕೇಬಲ್ ಕಾಯ್ದೆಯ 11ನೇ ಕಲಂನಡಿ ಉಪಕರಣ ವಶಪಡಿಸಿಕೊಳ್ಳುವ ಅಧಿಕಾರ ಅಧಿಕೃತ ಅಧಿಕಾರಿಗಿದೆ.

ನೇರ ಪ್ರಸಾರದಲ್ಲಿ ಅತಿಥಿ ಯಾರನ್ನೋ ‘ಕಳ್ಳ’ ಎಂದುಬಿಟ್ಟರು. ಹೇಳಿದ್ದು ಅವರು, ನಾವಲ್ಲ. ನಮಗೇಕೆ ನೋಟಿಸ್?

ಹೇಳಿದ್ದು ಅವರು, ಊರಿಗೆಲ್ಲ ಕೇಳಿಸಿದ್ದು ನೀವು. ಮಾನನಷ್ಟದ ಕಾನೂನು ನೋಡುವುದು ಪ್ರಕಟಣೆಯನ್ನು. ಪ್ರಕಟಿಸಿದವರೆಲ್ಲ ಅದರ ಬಲೆಯೊಳಗೆ ಬರುತ್ತಾರೆ. ‘ವ್ಯಕ್ತವಾದ ಅಭಿಪ್ರಾಯಗಳಿಗೆ ವಾಹಿನಿ ಹೊಣೆಯಲ್ಲ’ ಎಂಬ ಸಾಲನ್ನು ಪರದೆಯ ಕೆಳಗೆ ಓಡಿಸುವುದು ನಮ್ಮಲ್ಲಿ ಬಹುತೇಕ ಪೂಜೆಯಂತಾಗಿದೆ. ಅದರಿಂದ ಸದುದ್ದೇಶ ತೋರಿಸಲು ಸ್ವಲ್ಪ ನೆರವಾಗಬಹುದು, ಹೊಣೆ ಕಳಚುವುದಿಲ್ಲ.

ನ್ಯಾಯಾಲಯ ನೋಡುವುದು ನಿರೂಪಕ ಆ ಕ್ಷಣದಲ್ಲಿ ಏನು ಮಾಡಿದ ಎಂಬುದನ್ನು. ಮಾತು ತಡೆದು ‘ಆರೋಪಕ್ಕೆ ದಾಖಲೆ ಇದೆಯೇ? ಇಲ್ಲದಿದ್ದರೆ ಇದು ಇಲ್ಲಿಗೆ ನಿಲ್ಲಲಿ’ ಎಂದನೇ, ಅಥವಾ ‘ಹೌದಾ! ಇನ್ನೂ ಏನೇನು ಮಾಡಿದ್ದಾರೆ ಹೇಳಿ’ ಎಂದು ಕೆದಕಿದನೇ? 2020ರ ಅಮಿಶ್ ದೇವಗನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಚರ್ಚೆಯ ನಿರೂಪಕನನ್ನು ಬರಿಯ ಆತಿಥೇಯ ಎಂದು ಒಪ್ಪಲಿಲ್ಲ, ಸಮಾನ ಸಹಭಾಗಿ ಎಂದು ಕಂಡಿತು. ಅದು ದ್ವೇಷ ಭಾಷಣದ ಪ್ರಕರಣ, ಆದರೆ ನಿರೂಪಕನ ಪಾತ್ರವನ್ನು ಅಳೆಯುವ ಆ ರೀತಿ ಮಾನನಷ್ಟದ ವಾದಗಳಲ್ಲೂ ಎದುರಾಗುತ್ತದೆ.

ಫೋನ್‌–ಇನ್ ಕಾರ್ಯಕ್ರಮ ನಡೆಸುವ ಬಾನುಲಿಯವರಿಗೆ ನನ್ನ ಸಲಹೆ ಒಂದೇ. ಕರೆಯನ್ನು ಕೆಲವು ಸೆಕೆಂಡ್ ತಡವಾಗಿ ಪ್ರಸಾರ ಮಾಡುವ ಸೌಲಭ್ಯ ಇಟ್ಟುಕೊಳ್ಳಿ, ಆ ಗುಂಡಿಯ ಮೇಲೆ ಒಬ್ಬರು ಕೈ ಇಟ್ಟುಕೊಂಡೇ ಕೂತಿರಲಿ.

ಹೇಳಿದ್ದು ನಿಜವಾದರೆ ಮಾನನಷ್ಟ ಹೇಗಾಗುತ್ತದೆ?

ಎರಡು ನ್ಯಾಯಾಲಯ, ಎರಡು ಉತ್ತರ. ಸಿವಿಲ್ ದಾವೆಯಲ್ಲಿ ಸತ್ಯವನ್ನು ಸಾಬೀತುಪಡಿಸಿದರೆ ಪಾರಾಗುತ್ತೀರಿ. ಕ್ರಿಮಿನಲ್ ದೂರಿನಲ್ಲಿ ಸತ್ಯವಷ್ಟೇ ಸಾಲದು, ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕಾಗಿ ಎಂದೂ ತೋರಿಸಬೇಕು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಡಿ ಶಿಕ್ಷೆ ಎರಡು ವರ್ಷದವರೆಗೆ ಸಾದಾ ಸೆರೆವಾಸ, ದಂಡ, ಎರಡೂ, ಅಥವಾ ಸಮುದಾಯ ಸೇವೆ. ಸಿವಿಲ್ ದಾವೆ ಹೂಡಲು ಒಂದು ವರ್ಷ ಕಾಲಾವಕಾಶ, ಕ್ರಿಮಿನಲ್ ದೂರಿಗೆ ಮೂರು ವರ್ಷ.

ಗ್ರಾಮ ಪಂಚಾಯಿತಿ ಅಧ್ಯಕ್ಷರು ನರೇಗಾ ಕಾಮಗಾರಿಯ ಬಿಲ್ ಎರಡು ಸಲ ಪಡೆದರು ಎಂಬುದು ಸಾರ್ವಜನಿಕ ಹಿತ. ಅವರ ಮನೆಯ ಗಂಡ–ಹೆಂಡಿರ ಜಗಳ ನಿಜವೇ ಆದರೂ ಅಲ್ಲ.

ತಪ್ಪು ಫೋಟೊ ಹೋಯಿತು. ತಕ್ಷಣ ತೆಗೆದೆವು. ಅಷ್ಟಕ್ಕೆ ಪರಿಹಾರ ಕೇಳಬಹುದೇ?

ಕೇಳಬಹುದು, ನೂರು ಕೋಟಿಗೆ ಆದೇಶವಾದದ್ದೂ ಉಂಟು. 2008ರಲ್ಲಿ ಟೈಮ್ಸ್ ನೌ ವಾಹಿನಿ ಭವಿಷ್ಯ ನಿಧಿ ಹಗರಣದ ಸುದ್ದಿಯಲ್ಲಿ ನ್ಯಾಯಮೂರ್ತಿ ಪಿ.ಕೆ. ಸಾಮಂತ ಎಂಬವರ ಬದಲು ನಿವೃತ್ತ ನ್ಯಾಯಮೂರ್ತಿ ಪಿ.ಬಿ. ಸಾವಂತ್ ಅವರ ಚಿತ್ರ ತೋರಿಸಿತು. ಹೆಸರು ಹೋಲುತ್ತಿತ್ತು, ಚಿತ್ರ ಪರದೆಯ ಮೇಲಿದ್ದದ್ದು ಸುಮಾರು ಹದಿನೈದು ಸೆಕೆಂಡ್. 2011ರಲ್ಲಿ ಪುಣೆಯ ನ್ಯಾಯಾಲಯ ನೂರು ಕೋಟಿ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಮೇಲ್ಮನವಿಯ ವೇಳೆ ಇಪ್ಪತ್ತು ಕೋಟಿ ಠೇವಣಿ ಇಡಿ, ಉಳಿದದ್ದಕ್ಕೆ ಬ್ಯಾಂಕ್ ಖಾತರಿ ಕೊಡಿ ಎಂದ ಬಾಂಬೆ ಹೈಕೋರ್ಟ್‌ನ ಮಾತನ್ನು ಸುಪ್ರೀಂ ಕೋರ್ಟ್ ಬದಲಿಸಲಿಲ್ಲ. ಮೇಲೆ ಹೇಳಿದ 1995ರ ತರಂಗಾಂತರ ತೀರ್ಪನ್ನು ಬರೆದ ಪೀಠದಲ್ಲಿ ಇದೇ ಸಾವಂತ್ ಇದ್ದರು. ಖಾಸಗಿ ಪ್ರಸಾರಕ್ಕೆ ಬಾಗಿಲು ತೆರೆದವರ ಮುಖವನ್ನೇ ಖಾಸಗಿ ಪ್ರಸಾರ ತಪ್ಪಾಗಿ ತೋರಿಸಿತು.

ಆ ಮೊತ್ತ ವಿಪರೀತವಾಯಿತು ಎಂದು ನನಗೂ ಅನ್ನಿಸುತ್ತದೆ. ಆದರೆ ಪ್ರಕರಣದಿಂದ ಕಲಿಯಬೇಕಾದದ್ದು ಬೇರೆ. ಚಿತ್ರ ತೆಗೆಯುವುದು ಮತ್ತು ತಿದ್ದುಪಡಿ ಹೇಳುವುದು ಎರಡು ಬೇರೆ ಕೆಲಸ. ಸದ್ದಿಲ್ಲದೆ ತೆಗೆದರೆ ನೋಡಿದವರ ಮನಸ್ಸಿನಲ್ಲಿ ಆ ಮುಖ ಉಳಿದೇ ಇರುತ್ತದೆ. ಅದೇ ಸುದ್ದಿ ಅವಧಿಯಲ್ಲಿ, ಅಷ್ಟೇ ಗಾತ್ರದಲ್ಲಿ, ‘ಈ ಚಿತ್ರಕ್ಕೂ ಪ್ರಕರಣಕ್ಕೂ ಸಂಬಂಧವಿಲ್ಲ’ ಎಂದು ಹೇಳಬೇಕು. ಪ್ರತ್ಯುತ್ತರ ಕೊಡುವ ಹಕ್ಕನ್ನು ನೊಂದವರಿಗೆ ನಮ್ಮ ಯಾವ ಪ್ರಸಾರ ಕಾಯ್ದೆಯೂ ಕೊಟ್ಟಿಲ್ಲ. ನೀವಾಗಿಯೇ ಕೊಟ್ಟರೆ ಅರ್ಧ ದಾವೆಗಳು ಹುಟ್ಟುವುದೇ ಇಲ್ಲ.

ಬಾಲಕಿಯ ಮುಖಕ್ಕೆ ಮಸುಕು ಹಾಕಿದ್ದೆವು. ಆದರೂ ಪ್ರಕರಣ ದಾಖಲಾಗಿದೆ. ಏಕೆ?

ಮಸುಕಿನ ಹಿಂದೆ ಏನಿತ್ತು ನೋಡಿ. ಇಂಥ ದೃಶ್ಯಗಳಲ್ಲಿ ಸಾಮಾನ್ಯವಾಗಿ ಕಾಣುವುದಿಷ್ಟು: ಮುಖದ ಮೇಲೆ ಚೌಕಚೌಕದ ಮಸುಕು, ಅದರ ಕೆಳಗೆ ಶಾಲೆಯ ಸಮವಸ್ತ್ರ ಸ್ಪಷ್ಟ. ಪಕ್ಕದಲ್ಲಿ ಕೂತ ಅಜ್ಜಿಯ ಮುಖಕ್ಕೆ ಮಸುಕಿಲ್ಲ. ಹಿಂದೆ ನೀಲಿ ಬಣ್ಣದ ಬಾಗಿಲು, ಅದರಾಚೆ ಹಾಲಿನ ಡೇರಿಯ ಫಲಕದಲ್ಲಿ ಊರಿನ ಹೆಸರು. ವರದಿಗಾರ ಮಾತು ಮುಗಿಸುವಾಗ ‘ಕ್ಯಾಮೆರಾಮನ್ ಜೊತೆ’ ಎಂದು ತಾಲ್ಲೂಕನ್ನೂ ಹೇಳುತ್ತಾನೆ. ಮುನ್ನೂರು ಮನೆಯ ಊರಿನಲ್ಲಿ ಹೆಸರು ಹೇಳುವ ಅಗತ್ಯವೇ ಇಲ್ಲ.

ಪೋಕ್ಸೊ ಕಾಯ್ದೆಯ 23ನೇ ಕಲಂ ಹೆಸರು, ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ ಎಲ್ಲವನ್ನೂ ಹೇಳಿ, ‘ಗುರುತು ಬಯಲಾಗುವ ಇತರ ಯಾವುದೇ ವಿವರ’ ಎಂದು ಕೊನೆಗೆ ಸೇರಿಸಿದೆ. ಶಿಕ್ಷೆ ಆರು ತಿಂಗಳಿಂದ ಒಂದು ವರ್ಷ ಸೆರೆವಾಸ, ಅಥವಾ ದಂಡ, ಅಥವಾ ಎರಡೂ. ಇಲ್ಲಿ ಮಾಲೀಕರು ವಿಶೇಷವಾಗಿ ಓದಬೇಕಾದ ಉಪಕಲಂ ಒಂದಿದೆ: ನೌಕರ ಮಾಡಿದ ತಪ್ಪಿಗೆ ಮಾಧ್ಯಮ ಸಂಸ್ಥೆಯ ಮಾಲೀಕನೂ ಜಂಟಿಯಾಗಿ ಹೊಣೆ. ಅತ್ಯಾಚಾರ ಸಂತ್ರಸ್ತೆಯ ಗುರುತಿಗೆ ನ್ಯಾಯ ಸಂಹಿತೆಯ 72ನೇ ಕಲಂ, ಕಾನೂನಿನೊಂದಿಗೆ ಸಂಘರ್ಷಕ್ಕಿಳಿದ ಮಕ್ಕಳಿಗೆ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಇದೆ.

‘ತಂದೆಯೇ ಒಪ್ಪಿಗೆ ಕೊಟ್ಟರು’ ಎನ್ನುವುದು ನಡೆಯುವುದಿಲ್ಲ. 2018ರ ನಿಪುಣ್ ಸಕ್ಸೇನಾ ತೀರ್ಪಿನ ಪ್ರಕಾರ ಸಂತ್ರಸ್ತೆ ಮೃತಪಟ್ಟಿದ್ದರೂ ಮನೆಯವರ ಒಪ್ಪಿಗೆಯ ಮೇಲೆ ಹೆಸರು ಹೇಳುವಂತಿಲ್ಲ. ಮೇಣದಬತ್ತಿ ಮೆರವಣಿಗೆಯಲ್ಲಿ ಬಾಲಕಿಯ ಫೋಟೊ ಹಿಡಿದು ನಡೆಯುವವರನ್ನು ತೋರಿಸುವಾಗಲೂ ಈ ಮಾತು ನೆನಪಿರಲಿ.

‘ಕೆಆರ್‌ಎಸ್ ಅಣೆಕಟ್ಟೆಯಲ್ಲಿ ಬಿರುಕು’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂತು. ‘ಮೂಲಗಳ ಪ್ರಕಾರ’ ಎಂದು ಸ್ಕ್ರೋಲ್ ಹಾಕಬಹುದೇ?

ಹಾಕಿದರೆ ಮೂಲ ನೀವೇ ಆಗುತ್ತೀರಿ. ಜಲಾಶಯ 124.80 ಅಡಿ ತಲುಪಿ ನೀರು ಹೊರಬಿಡುವ ದಿನಗಳಲ್ಲಿ ಶ್ರೀರಂಗಪಟ್ಟಣದಿಂದ ಕೆಳಗಿನ ಊರುಗಳ ಜನ ಟಿವಿಯ ಮುಂದೆಯೇ ಇರುತ್ತಾರೆ. ಆ ಒಂದು ಸಾಲಿಗೆ ರಸ್ತೆಯಲ್ಲಿ ನೂಕುನುಗ್ಗಲಾಗಿ ಜೀವ ಹೋಗಬಹುದು. ವಿಪತ್ತಿನ ಬಗ್ಗೆ ಸುಳ್ಳು ಎಚ್ಚರಿಕೆ ಹಬ್ಬಿಸಿದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಕಲಂನಡಿ ಒಂದು ವರ್ಷದವರೆಗೆ ಜೈಲು ಅಥವಾ ದಂಡ. ಜನರಲ್ಲಿ ಭೀತಿ ಹುಟ್ಟಿಸುವ ಸುಳ್ಳಿಗೆ ನ್ಯಾಯ ಸಂಹಿತೆಯ 353ನೇ ಕಲಂನಡಿ ಮೂರು ವರ್ಷದವರೆಗೆ. ಕಾವೇರಿ ನೀರಾವರಿ ನಿಗಮದ ಎಂಜಿನಿಯರ್‌ಗೆ ಒಂದು ಕರೆ ಮಾಡಲು ಎರಡು ನಿಮಿಷ ಸಾಕು.

ಕಾವೇರಿ ಗಲಾಟೆಯಂಥ ಸಂದರ್ಭದಲ್ಲಿ ಜಿಲ್ಲಾಧಿಕಾರಿ ವಾಹಿನಿಯನ್ನು ನಿಲ್ಲಿಸಬಹುದೇ?

ಕೇಬಲ್ ಕಾಯ್ದೆಯ 19ನೇ ಕಲಂನಡಿ ಜಿಲ್ಲಾ ದಂಡಾಧಿಕಾರಿ, ಉಪವಿಭಾಗಾಧಿಕಾರಿ, ಪೊಲೀಸ್ ಆಯುಕ್ತರು ತಮ್ಮ ವ್ಯಾಪ್ತಿಯಲ್ಲಿ ಒಂದು ಕಾರ್ಯಕ್ರಮವನ್ನೋ ವಾಹಿನಿಯನ್ನೋ ಕೇಬಲ್‌ನಲ್ಲಿ ತೋರಿಸದಂತೆ ಆದೇಶ ಮಾಡಬಹುದು. ಧರ್ಮ, ಭಾಷೆ, ಜಾತಿಯ ಹೆಸರಿನಲ್ಲಿ ವೈಷಮ್ಯ ಹುಟ್ಟಿಸುವಂತಿದ್ದರೆ, ಶಾಂತಿ ಕದಡುವಂತಿದ್ದರೆ, ಅಥವಾ ಕಾರ್ಯಕ್ರಮ, ಜಾಹೀರಾತು ಸಂಹಿತೆಗೆ ವಿರುದ್ಧವಾಗಿದ್ದರೆ. ಬಾಯಿಮಾತಿನ ‘ಆಫ್ ಮಾಡಿ’ ಆದೇಶವಾಗದು, ಲಿಖಿತ ಪ್ರತಿ ಕೇಳಿ ಪಡೆಯಿರಿ. ಆದೇಶದಲ್ಲಿ ಕಾರಣ ಇಲ್ಲದಿದ್ದರೆ ಹೈಕೋರ್ಟ್‌ನಲ್ಲಿ ಪ್ರಶ್ನಿಸಬಹುದು.

ಸರ್ಕಾರವನ್ನು ಟೀಕಿಸುವುದು ಶಾಂತಿ ಕದಡುವುದಲ್ಲ. ಮೀಡಿಯಾ ಒನ್ ವಾಹಿನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಇದನ್ನು ಒತ್ತಿ ಹೇಳಿತು, ಮುಚ್ಚಿದ ಲಕೋಟೆಯ ಆಧಾರದ ಮೇಲೆ ಅನುಮತಿ ನಿರಾಕರಿಸಿದ್ದನ್ನು ರದ್ದುಪಡಿಸಿತು.

ಪೊಲೀಸ್ ಕಾರ್ಯಾಚರಣೆಯನ್ನು ನೇರ ಪ್ರಸಾರ ಮಾಡಬಹುದೇ?

ಭಯೋತ್ಪಾದನೆ ನಿಗ್ರಹ ಕಾರ್ಯಾಚರಣೆಯಾದರೆ ಇಲ್ಲ. ಮುಗಿಯುವವರೆಗೆ ನೇಮಿತ ಅಧಿಕಾರಿ ಆಗಾಗ ಕೊಡುವ ವಿವರಣೆ ಮಾತ್ರ ತೋರಿಸಬೇಕು. 2008ರ ಮುಂಬೈ ದಾಳಿಯ ನೇರ ಪ್ರಸಾರದ ಬಗ್ಗೆ ಸುಪ್ರೀಂ ಕೋರ್ಟ್ ಕಟುವಾಗಿ ಬರೆದ ಮೇಲೆ, 2015ರಲ್ಲಿ ಈ ನಿಯಮ ಸೇರಿತು. ಸುದ್ದಿಗೆ ಬಿಸಿ ಏರಿಸಲು ವಾಯುದಾಳಿ ಸೈರನ್ ಸದ್ದು ಬಳಸಬೇಡಿ ಎಂದೂ 2025ರ ಮೇ ತಿಂಗಳಲ್ಲಿ ಕೇಂದ್ರ ಹೇಳಿದೆ.

ಹೈಕೋರ್ಟ್ ಕಲಾಪದ ಯೂಟ್ಯೂಬ್ ತುಣುಕನ್ನು ನಮ್ಮ ಸುದ್ದಿಯಲ್ಲಿ ಬಳಸಬಹುದೇ?

ಅನುಮತಿಯಿಲ್ಲದೆ ಬಳಸುವಂತಿಲ್ಲ. ಕರ್ನಾಟಕ ಹೈಕೋರ್ಟ್‌ನ ನೇರ ಪ್ರಸಾರ ನಿಯಮಗಳು 2022ರ ಜನವರಿಯಿಂದ ಜಾರಿಯಲ್ಲಿವೆ. 2024ರ ಸೆಪ್ಟೆಂಬರ್‌ನಲ್ಲಿ ತುಣುಕುಗಳನ್ನು ಕತ್ತರಿಸಿ ಹಂಚುವುದಕ್ಕೆ ಹೈಕೋರ್ಟ್ ತಡೆಯನ್ನೂ ಒಡ್ಡಿತು. ಕಲಾಪದಲ್ಲಿ ನಡೆದದ್ದನ್ನು ನ್ಯಾಯಯುತವಾಗಿ, ನಿಖರವಾಗಿ ವರದಿ ಮಾಡಲು ಅಡ್ಡಿಯಿಲ್ಲ. ಆರೋಪಿಯನ್ನು ಸ್ಟುಡಿಯೋದಲ್ಲೇ ತಪ್ಪಿತಸ್ಥನೆಂದು ಘೋಷಿಸುವುದು ನ್ಯಾಯದಾನದಲ್ಲಿ ಹಸ್ತಕ್ಷೇಪವಾಗಬಲ್ಲದು ಎಂದು 2021ರಲ್ಲಿ ಬಾಂಬೆ ಹೈಕೋರ್ಟ್ ನೀಲೇಶ್ ನವಲಖಾ ಪ್ರಕರಣದಲ್ಲಿ ಹೇಳಿದೆ.

ಬೆಳಗಿನ ಜ್ಯೋತಿಷ್ಯ ಮತ್ತು ‘ಸಕ್ಕರೆ ಕಾಯಿಲೆ ಮೂರೇ ತಿಂಗಳಲ್ಲಿ ಮಾಯ’ ಜಾಹೀರಾತೇ ನಮ್ಮ ಆದಾಯ. ಅದನ್ನೂ ಬಿಡಬೇಕೇ?

ಎರಡನೆಯದನ್ನು ಖಂಡಿತ ಬಿಡಬೇಕು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ಮಧುಮೇಹ, ಕ್ಯಾನ್ಸರ್ ಎಲ್ಲವೂ ಇವೆ. ಮೊದಲ ತಪ್ಪಿಗೆ ಆರು ತಿಂಗಳವರೆಗೆ, ಮತ್ತೆ ಮಾಡಿದರೆ ಒಂದು ವರ್ಷದವರೆಗೆ ಜೈಲು. ಜಾಹೀರಾತಿನ ಪ್ರಕಟಣೆಯಲ್ಲಿ ಭಾಗವಹಿಸಿದವರೂ ಇದರೊಳಗೆ ಬರುತ್ತಾರೆ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಹತ್ತು ಲಕ್ಷದವರೆಗೆ ದಂಡವಿದೆ. ಅಲ್ಲಿ ಮಾತ್ರ ಪ್ರಸಾರಕನಿಗೆ ಒಂದು ರಕ್ಷಣೆ ಉಂಟು: ದಿನನಿತ್ಯದ ವ್ಯವಹಾರದಲ್ಲಿ ಪ್ರಕಟಿಸಿದೆ ಎಂದು ತೋರಿಸಿದರೆ ದಂಡವಿಲ್ಲ. ನಿಲ್ಲಿಸಿ ಎಂಬ ಆದೇಶ ಬಂದದ್ದು ಗೊತ್ತಿದ್ದೂ ಮುಂದುವರಿಸಿದರೆ ಆ ರಕ್ಷಣೆ ಇಲ್ಲ.

ಜ್ಯೋತಿಷ್ಯದ ವಿಷಯ ಸೂಕ್ಷ್ಮ. ರಾಶಿಫಲ ಓದಿದ್ದಕ್ಕೆ ಯಾರೂ ಹಿಡಿಯುವುದಿಲ್ಲ. ‘ನಿಮ್ಮ ಮನೆಗೆ ಮಾಟ ಮಾಡಿಸಿದ್ದಾರೆ, ಈ ನಂಬರಿಗೆ ಕರೆ ಮಾಡಿ’ ಎಂದರೆ ಕಾರ್ಯಕ್ರಮ ಸಂಹಿತೆಯಷ್ಟೇ ಅಲ್ಲ, 2020ರಲ್ಲಿ ಜಾರಿಗೆ ಬಂದ ಕರ್ನಾಟಕದ ವಾಮಾಚಾರ ತಡೆ ಕಾಯ್ದೆಯೂ ಎದುರಾಗಬಹುದು. ಜಾಹೀರಾತಿನ ಹಣ ಸಾವಿರಗಳಲ್ಲಿ ಬರುತ್ತದೆ, ವಕೀಲರ ಶುಲ್ಕ ಆ ಲೆಕ್ಕದಲ್ಲಿ ಇರುವುದಿಲ್ಲ.

ಜಂಬೂ ಸವಾರಿಯ ಚಂದನ ವಾಹಿನಿಯ ದೃಶ್ಯಕ್ಕೆ ನಮ್ಮ ಲೋಗೊ ಹಾಕಿ ತೋರಿಸಬಹುದೇ? ದಸರಾ ನಾಡಹಬ್ಬ, ಎಲ್ಲರದ್ದಲ್ಲವೇ?

ಹಬ್ಬ ಎಲ್ಲರದ್ದು, ಆ ಕ್ಯಾಮೆರಾದಿಂದ ಬಂದ ಪ್ರಸಾರ ದೂರದರ್ಶನದ್ದು. ಕೃತಿಸ್ವಾಮ್ಯ ಕಾಯ್ದೆಯ 37ನೇ ಕಲಂ ಪ್ರಸಾರ ಸಂಸ್ಥೆಗೆ 25 ವರ್ಷಗಳ ಹಕ್ಕು ಕೊಡುತ್ತದೆ. ಸಯ್ಯಾಜಿರಾವ್ ರಸ್ತೆಯಲ್ಲಿ ನಿಮ್ಮದೇ ಕ್ಯಾಮೆರಾ ನಿಲ್ಲಿಸಿ ಚಿತ್ರೀಕರಿಸಿದರೆ ಅದು ನಿಮ್ಮದು. ಅರಮನೆ ಆವರಣಕ್ಕೆ ಪಾಸ್ ಬೇಕು, ಡ್ರೋನ್‌ಗೆ ಅನುಮತಿ ಬೇಕು. ಅಂದ ಹಾಗೆ, ದೂರದರ್ಶನದ ಕಡ್ಡಾಯ ವಾಹಿನಿಗಳನ್ನು ಕೇಬಲ್‌ನಲ್ಲಿ ಇದ್ದ ಹಾಗೆಯೇ ಕೊಡುವುದು ನಿಮ್ಮ ಕರ್ತವ್ಯ. ಲೋಗೊ ಅಂಟಿಸಿದಾಗ ತೊಂದರೆ.

ಹೊಸ ಸಿನಿಮಾವನ್ನು ರಾತ್ರಿ ಸ್ಥಳೀಯ ವಾಹಿನಿಯಲ್ಲಿ ಹಾಕುವ ಚಾಳಿಗೆ ಅದೇ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಂ ಇದೆ: ಆರು ತಿಂಗಳಿಂದ ಮೂರು ವರ್ಷ ಜೈಲು, ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ.

ಚುನಾವಣೆಯ ಹೊತ್ತಿನಲ್ಲಿ ಏನು ಬದಲಾಗುತ್ತದೆ?

ಬಹಳ. ಮಂಡ್ಯದಲ್ಲಿ ಚುನಾವಣೆ ಎಂದರೆ ಇಡೀ ರಾಜ್ಯವೇ ತಿರುಗಿ ನೋಡುತ್ತದೆ, ಅಧಿಕಾರಿಗಳ ಕಣ್ಣೂ ಅಷ್ಟೇ ಚುರುಕಾಗಿರುತ್ತದೆ. ಟಿವಿ, ಕೇಬಲ್, ಬಾನುಲಿಯ ರಾಜಕೀಯ ಜಾಹೀರಾತಿಗೆ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಪೂರ್ವಾನುಮತಿ ಬೇಕು. ಅಭ್ಯರ್ಥಿ ಮತ್ತು ನೋಂದಾಯಿತ ಪಕ್ಷ ಪ್ರಸಾರಕ್ಕೆ ಮೂರು ದಿನ ಮೊದಲು, ಇತರರು ಏಳು ದಿನ ಮೊದಲು ಅರ್ಜಿ ಕೊಡಬೇಕು. ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ಟಿವಿಯಲ್ಲಿ ಚುನಾವಣಾ ಪ್ರಚಾರ ವಿಷಯ ತೋರಿಸುವಂತಿಲ್ಲ, ಜನಪ್ರತಿನಿಧಿ ಕಾಯ್ದೆಯ 126ನೇ ಕಲಂನಡಿ ಎರಡು ವರ್ಷದವರೆಗೆ ಶಿಕ್ಷೆ. ಮತಗಟ್ಟೆ ಸಮೀಕ್ಷೆಗೆ (ಎಕ್ಸಿಟ್ ಪೋಲ್) ತಡೆಯೊಡ್ಡುವುದು 126ಎ ಕಲಂ. ದುಡ್ಡು ಪಡೆದು ‘ವಿಶೇಷ ಸಂದರ್ಶನ’ ಹಾಕಿದರೆ ಅದು ಕಾಸಿಗಾಗಿ ಸುದ್ದಿ, ಅಭ್ಯರ್ಥಿಯ ವೆಚ್ಚದ ಲೆಕ್ಕಕ್ಕೆ ಸೇರುತ್ತದೆ. ಆಮೇಲೆ ಅಭ್ಯರ್ಥಿಯ ಕೋಪವನ್ನೂ ನೀವೇ ಎದುರಿಸಬೇಕು.

ನನ್ನ ಬಗ್ಗೆ ಟಿವಿಯಲ್ಲಿ ಸುಳ್ಳು ಬಂದಿದೆ. ಎಲ್ಲಿಗೆ ದೂರು ಕೊಡಲಿ?

ಮೊದಲು ವಾಹಿನಿಗೇ, ಬರಹದಲ್ಲಿ. ಕೇಬಲ್ ನಿಯಮಗಳಿಗೆ 2021ರಲ್ಲಿ ಬಂದ ತಿದ್ದುಪಡಿಯಂತೆ 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ತೀರ್ಮಾನ. ತೃಪ್ತಿಯಾಗದಿದ್ದರೆ 15 ದಿನದೊಳಗೆ ವಾಹಿನಿ ಸದಸ್ಯತ್ವ ಪಡೆದಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ, ಅದು 60 ದಿನದಲ್ಲಿ ನಿರ್ಧರಿಸಬೇಕು. ಮೂರನೆಯ ಮೆಟ್ಟಿಲು ಕೇಂದ್ರ ಸರ್ಕಾರ. ಸ್ಥಳೀಯ ಕೇಬಲ್ ವಾಹಿನಿಯಾದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನಿಗಾ ಸಮಿತಿಗೂ ಕೊಡಬಹುದು. ಇವು ಯಾವುವೂ ನಿಮಗೆ ಪರಿಹಾರದ ಹಣ ಕೊಡಿಸುವುದಿಲ್ಲ, ಅದಕ್ಕೆ ಸಿವಿಲ್ ನ್ಯಾಯಾಲಯವೇ ಗತಿ. ಪ್ರಸಾರವಾದ ದಿನಾಂಕ, ಸಮಯ ಬರೆದಿಡಿ, ಮೊಬೈಲ್‌ನಲ್ಲಿ ಪರದೆಯನ್ನು ಸೆರೆಹಿಡಿಯಿರಿ. ವಾಹಿನಿಗಳು ಧ್ವನಿಮುದ್ರಿಕೆ, ದೃಶ್ಯಗಳನ್ನು 90 ದಿನ ಇಟ್ಟುಕೊಳ್ಳಬೇಕು, ಆಮೇಲೆ ಅಳಿಸಿದರೆ ಕೇಳುವಂತಿಲ್ಲ.

ಪ್ರಸಾರಕ್ಕೆ ಮೊದಲೇ ತಡೆಯಾಜ್ಞೆ ತರುವುದು ನಮ್ಮ ರಾಜ್ಯದಲ್ಲಿ ಬಲು ಸಾಮಾನ್ಯ. ಎದುರು ಪಕ್ಷದ ಮಾತು ಕೇಳದೆ ಯಾಂತ್ರಿಕವಾಗಿ ಹಾಗೆ ಕೊಡಬಾರದು ಎಂದು 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಚ್ಚರಿಸಿದೆ.

ನಮ್ಮದು ಯೂಟ್ಯೂಬ್ ವಾಹಿನಿ. ಇವು ಯಾವುವೂ ನಮಗೆ ಅನ್ವಯಿಸುವುದಿಲ್ಲ, ಅಲ್ಲವೇ?

ಪರವಾನಗಿ ಬೇಕಿಲ್ಲ, ಕೇಬಲ್ ಕಾಯ್ದೆ ಅನ್ವಯಿಸುವುದಿಲ್ಲ, ಅಷ್ಟು ಮಾತ್ರ ಸರಿ. ಮಾನನಷ್ಟ, ಪೋಕ್ಸೊ, ಕೃತಿಸ್ವಾಮ್ಯ, ಮಾಹಿತಿ ತಂತ್ರಜ್ಞಾನ ಕಾಯ್ದೆ ಎಲ್ಲವೂ ಅನ್ವಯಿಸುತ್ತವೆ. ಆ ಕೊನೆಯ ಕಾಯ್ದೆಯ 79ನೇ ಕಲಂನ ರಕ್ಷಣೆ ಯೂಟ್ಯೂಬ್ ಕಂಪನಿಗೆ, ವಿಡಿಯೊ ಏರಿಸಿದ ನಿಮಗಲ್ಲ. ಜೊತೆಗೆ ಟಿವಿಯ ಸುದ್ದಿ ಬಂದು ಹೋಗುತ್ತದೆ, ನಿಮ್ಮದು ಅಳಿಸುವವರೆಗೆ ಅಲ್ಲೇ ಇರುತ್ತದೆ.

ತಾಲ್ಲೂಕು ವರದಿಗಾರ ಕಳಿಸಿದ ಸುದ್ದಿಗೆ ಯಾರ ಮೇಲೆ ಪ್ರಕರಣ?

ಸಾಮಾನ್ಯವಾಗಿ ಎಲ್ಲರ ಮೇಲೂ: ವರದಿಗಾರ, ನಿರೂಪಕ, ಸಂಪಾದಕ, ಕಂಪನಿ. ಪತ್ರಿಕೆಯ ಸಂಪಾದಕನ ವಿಷಯದಲ್ಲಿ ಅಚ್ಚಾದದ್ದಕ್ಕೆ ಆತನೇ ಹೊಣೆ ಎಂಬ ಕಾನೂನಿನ ಊಹೆ ಹಳೆಯ ಮುದ್ರಣ ಕಾಯ್ದೆಯಲ್ಲಿತ್ತು. ಟಿವಿಗೆ ಅಂಥ ಊಹೆಯಿಲ್ಲ, ಯಾರು ಏನು ಮಾಡಿದರು ಎಂದು ದೂರುದಾರನೇ ತೋರಿಸಬೇಕು. ಸಿವಿಲ್ ದಾವೆಯಲ್ಲಿ ನೌಕರನ ತಪ್ಪಿಗೆ ಸಂಸ್ಥೆ ಹೊಣೆ. ಸುದ್ದಿಯೊಂದಕ್ಕೆ ಇಷ್ಟು ಎಂದು ಸಂಭಾವನೆ ಪಡೆದು, ಗುರುತಿನ ಚೀಟಿ ಬಿಟ್ಟರೆ ಬೇರೆ ಕಾಗದವಿಲ್ಲದೆ ದುಡಿಯುವ ವರದಿಗಾರನ ಸ್ಥಿತಿ ಕಷ್ಟದ್ದು. ಪ್ರಕರಣ ಬಿದ್ದ ದಿನ ‘ಆತ ನಮ್ಮ ನೌಕರನಲ್ಲ’ ಎಂದು ಸಂಸ್ಥೆ ಕೈತೊಳೆದುಕೊಳ್ಳಬಹುದು. ಕಾನೂನು ವೆಚ್ಚ ಯಾರದ್ದು ಎಂಬುದನ್ನು ಮೊದಲೇ ಬರಹದಲ್ಲಿ ಪಡೆದುಕೊಳ್ಳಿ.

ಲೀಗಲ್ ನೋಟಿಸ್ ಬಂದಿದೆ. ಮೊದಲು ಏನು ಮಾಡಬೇಕು?

ಆ ಪ್ರಸಾರದ ಪೂರ್ಣ ದಾಖಲೆಯನ್ನು, ಕತ್ತರಿಸದೆ, ಬೇರೆ ಹಾರ್ಡ್ ಡಿಸ್ಕ್‌ಗೆ ತೆಗೆದಿಡಿ. 90 ದಿನ ಮುಗಿದು ಕಂಪ್ಯೂಟರ್ ತಾನಾಗಿ ಅಳಿಸಿಹಾಕುವುದು ಅಪರೂಪವಲ್ಲ. ಆಮೇಲೆ ‘ಬೇಕೆಂದೇ ನಾಶ ಮಾಡಿದರು’ ಎಂಬ ವಾದಕ್ಕೆ ಉತ್ತರವಿರುವುದಿಲ್ಲ. ವರದಿಗಾರನ ಟಿಪ್ಪಣಿ, ಕಚ್ಚಾ ದೃಶ್ಯ, ಎದುರು ಪಕ್ಷಕ್ಕೆ ಪ್ರತಿಕ್ರಿಯೆ ಕೇಳಿ ಮಾಡಿದ ಕರೆಯ ವಿವರ ಎಲ್ಲವನ್ನೂ ಜೊತೆಗಿಡಿ. ನ್ಯಾಯಾಲಯಕ್ಕೆ ಒಯ್ಯುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಬೇಕಾಗುತ್ತದೆ, ಅದಕ್ಕೆ ಆ ಯಂತ್ರವನ್ನು ನೋಡಿಕೊಳ್ಳುವವರ ಜೊತೆಗೆ ತಜ್ಞರೊಬ್ಬರೂ ಸಹಿ ಹಾಕಬೇಕು. ನೋಟಿಸ್ ಕೊಟ್ಟವರ ವಿರುದ್ಧ ಅಂದು ಸಂಜೆಯೇ ಇನ್ನೊಂದು ಕಾರ್ಯಕ್ರಮ ಮಾಡಬೇಡಿ. ಕೊಟ್ಟ ಗಡುವಿನೊಳಗೆ ವಕೀಲರ ಮೂಲಕ ಉತ್ತರ ಕಳಿಸಿ. ತಪ್ಪು ನಿಮ್ಮದೇ ಎಂದು ದಾಖಲೆ ನೋಡಿದಾಗ ಗೊತ್ತಾದರೆ, ತಿದ್ದುಪಡಿಯ ಪದಗಳನ್ನು ಅದೇ ವಕೀಲರಿಗೆ ತೋರಿಸಿ ಆ ದಿನವೇ ಪ್ರಸಾರ ಮಾಡಿ.